ಹನ್ನೆರಡನೇ ಡಬ್ಬಿ

ಎರಡನೇ ಬೇಸಿಗೆ, ಮೂವತ್ತೆಂಟನೇ ತಾರೀಖು, ೨೧೬೮
ಕೆಂಪಗುಡ್ಡ ಕಾಲೇಜು ಮೈದಾನ, ಗೋಕಾಕದ ಹತ್ತಿರ

ಚಿರಂಜೀವಿ ಕುಸುಮಾವತಿಗೆ,

ನಿನ್ನನ್ನು ಹೀಗೆ ಏಕವಚನದಲ್ಲಿ ಕರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ನೀನು ನನ್ನ ಮುತ್ತಜ್ಜಿಯ ತಾಯಿ. ಆದರೆ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನಗಿನ್ನೂ ಇಪ್ಪತ್ತು ವರ್ಷ, ನನಗೆ ಐವತ್ತೆರಡು. ಇಪ್ಪತ್ತರ ಹುಡುಗಿಗೆ ಅಜ್ಜಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಾರೀಖು ನೋಡಿ ಗಾಬರಿಯಾಗಬೇಡ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮಳೆ. ತಿಂಗಳುಗಳ ಹೆಸರು ಹಾಡುಗಳಲ್ಲಿ ಮಾತ್ರ ಉಳಿದಿವೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು. ತಿಳಿಯದಿದ್ದರೆ ಹಾರಿಸಿ ಓದು. ಹೊಟ್ಟೆಕಿಚ್ಚು ಎಂಬ ಮಾತು ಮಾತ್ರ ನಿಮ್ಮ ಕಾಲದ್ದೇ, ಇನ್ನೂ ಬದಲಾಗಿಲ್ಲ. ಈ ಕಾಗದದ ತುಂಬ ಅದೇ ಇದೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಹಿಂದಿನವರಿಗೆ ಬರೆಯುವ ಅಂಚೆ. ಜನ್ಮಕ್ಕೆ ಒಂದೇ ಕಾಗದ. ಪೆಟ್ಟಿಗೆಗೆ ಹಾಕಿದ ಮೇಲೆ ತಲುಪಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ನೆರೆಮನೆಯಾಕೆ ತನ್ನ ಅಜ್ಜನಿಗೆ, ಅಂಗಳದ ಮಾವಿನ ಮರ ಕಡಿಯಬೇಡ ಎಂದು ಬರೆದಿದ್ದಳು. ಮರ ಇವತ್ತಿಗೂ ಇಲ್ಲ. ಕಾಗದ ಮುಟ್ಟಲಿಲ್ಲವೋ, ಮುಟ್ಟಿದರೂ ಅಜ್ಜ ಕೇಳಲಿಲ್ಲವೋ. ಜನ ಇಂಥ ಘನವಾದ ವಿಷಯಕ್ಕೆ ತಮ್ಮ ಒಂದೇ ಕಾಗದವನ್ನು ಖರ್ಚು ಮಾಡುತ್ತಾರೆ. ನಾನು ಒಂದು ತಗಡಿನ ಡಬ್ಬಿಗಾಗಿ ಮಾಡುತ್ತಿದ್ದೇನೆ.

ನೀನು ಈಗ ಗೆಳತಿಯರ ಜೊತೆ ಕಾಲೇಜು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದೀಯ. ಫುಟ್‌ಬಾಲ್ ಹುಚ್ಚಿನ ನಿಮ್ಮ ಗುಂಪಿಗೆ ಸುಣ್ಣದ ಸಾಲಿನವರು ಎಂದು ಹೆಸರಿಟ್ಟುಕೊಂಡಿದ್ದೀರಿ. ಆ ಹೆಸರು ಇವತ್ತಿಗೂ ಇದೆ. ಈಗ ನಾವು ಮೂರು ಸಾವಿರ ಜನ. ಬಿಸಿಲಿಗೆ ಹೆದರಿ ಸೂರ್ಯ ಹುಟ್ಟುವ ಮುಂಚೆಯೇ ಆಟ ಶುರುಮಾಡುತ್ತೇವೆ. ಮೈದಾನದ ಮೇಲೆ ನೆರಳುಬಟ್ಟೆ ಕಟ್ಟಿರುತ್ತದೆ, ಊರಿಗೂರೇ ಒಂದು ಚಪ್ಪರದ ಕೆಳಗೆ ಕೂತ ಹಾಗೆ. ಹನ್ನೆರಡು ನಿಮಿಷಕ್ಕೊಮ್ಮೆ ಉಸಿರುಗಂಟೆ ಬಾರಿಸುತ್ತಾರೆ. ಆಗ ಚೆಂಡು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು, ಎಲ್ಲರೂ ನೀರು ಕುಡಿಯಬೇಕು. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಆಟ ಮುಗಿದ ಮೇಲೆ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ. ಇದಿಷ್ಟು ಕೇಳಿದರೆ ನಿನಗೆ ಖುಷಿಯಾಗುತ್ತದೆ ಎಂದು ಗೊತ್ತು. ಖುಷಿಪಟ್ಟುಕೋ, ಮುಂದೆ ಬೈಯುವುದಿದೆ.

ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲಿ ನೀನು ಕೋಚ್ ನೇಮಕದ ನಿಯಮಗಳನ್ನು ಬರೆದೆಯಲ್ಲ, ಅದು ಈಗ ಗಾಜಿನ ಪೆಟ್ಟಿಗೆಯೊಳಗಿದೆ. ಮಕ್ಕಳು ಅದಕ್ಕೆ ಕೈ ಮುಗಿಯುತ್ತಾರೆ. ಯಾವನೋ ಕೋಚ್ ನಿಮಗೆ ಫೋನಿನಲ್ಲಿ ಬರುತ್ತೇನೆಂದು ಹೇಳಿ ಬೇರೆ ಕಾಲೇಜಿಗೆ ಹೋದನಂತೆ. ಆ ಸಿಟ್ಟಿಗೆ ನೀನು ಬರೆದಿದ್ದು ಇದು. ನಮ್ಮ ಕೆಂಪು ಜರ್ಸಿ ತೊಟ್ಟು ಆಡಿ, ಬೇರೆ ಕಡೆ ಹೋದವರೇ ತಿರುಗಿ ಬಂದು ಮುಖ್ಯ ಕೋಚ್ ಆಗಬೇಕು. ಎಲ್ಲರೂ ಸೇರಿ ಅವರಿರುವ ದಿಕ್ಕಿಗೆ ಮುಖ ಮಾಡಿ ಮೂರು ಸಲ ಹೆಸರು ಕೂಗಬೇಕು. ಆಮೇಲೆ ಒಂದು ಡಬ್ಬಿ ಕರದಂಟು ಕಳಿಸಬೇಕು. ಉತ್ತರ ಆ ಡಬ್ಬಿಯಲ್ಲೇ ಬರಬೇಕು, ಬಾಯಿಮಾತಿನಲ್ಲಿ ಬಂದರೆ ನಂಬಬಾರದು. ಹನ್ನೆರಡು ವರ್ಷ ಕೂಗಿಯೂ ಉತ್ತರ ಬಾರದಿದ್ದರೆ ಅಷ್ಟು ದಿನ ಪಕ್ಕದಲ್ಲಿ ಕೂತು ನಡೆಸಿಕೊಂಡು ಬಂದವರದೇ ಕುರ್ಚಿ.

ಆ ಪಕ್ಕದಲ್ಲಿ ಕೂತವಳು ನಾನು. ಹಂಗಾಮಿ ಕೋಚ್ ಸುಗಲಾ. ಇದು ಹನ್ನೆರಡನೇ ವರ್ಷ.

ಮೈದಾನದ ಅಂಚಿನಲ್ಲಿ ಎರಡು ಆಸನಗಳಿವೆ. ಒಂದು ಸಾಗವಾನಿಯ ದೊಡ್ಡ ಕುರ್ಚಿ, ಕೆಂಪು ಬಟ್ಟೆ ಹೊದಿಸಿದ್ದು. ಅದು ಖಾಲಿ. ಇನ್ನೊಂದು ಮೂರು ಕಾಲಿನ ಸ್ಟೂಲು. ಅದು ನನ್ನದು. ಎರಡು ಸಲ ನನ್ನ ಹುಡುಗರು ಘಟಪ್ರಭಾ ಕಪ್ ಗೆದ್ದರು. ಎರಡು ಸಲವೂ ಜನ ಓಡಿಬಂದು ಖಾಲಿ ಕುರ್ಚಿಗೆ ಹಾರ ಹಾಕಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ ಇರಬೇಕು. ಎರಡನೇ ಸಲ ಒಂದು ಹಾರ ಜಾರಿ ನನ್ನ ಸ್ಟೂಲಿನ ಹತ್ತಿರ ಬಿತ್ತು. ಒಬ್ಬಳು ಮುದುಕಿ ಅದನ್ನು ಎತ್ತಿ, ಧೂಳು ಊದಿ, ಮತ್ತೆ ಕುರ್ಚಿಗೇ ಹಾಕಿದಳು.

ಅವರು ಕಾಯುತ್ತಿರುವುದು ಭರಮಪ್ಪನನ್ನು. ನಾವಿಬ್ಬರೂ ಒಟ್ಟಿಗೆ ಆಡಿದವರು. ಮೂವತ್ತೆರಡು ವರ್ಷದ ಹಿಂದೆ ಕೊನೆಯ ನಿಮಿಷದಲ್ಲಿ ನಾನು ಬಲಗಡೆಯಿಂದ ಚೆಂಡು ಎತ್ತಿ ಕೊಟ್ಟೆ, ಅವನು ಹಾರಿ ತಲೆ ಕೊಟ್ಟ, ಗೋಲಾಯಿತು. ನಾನು ಕೊಡದಿದ್ದರೆ ಅವನು ಗಾಳಿಗೆ ತಲೆ ಕೊಟ್ಟು ಕೆಳಗೆ ಬೀಳುತ್ತಿದ್ದ. ಆದರೆ ಕಾಲೇಜಿನ ಗೋಡೆಯ ಮೇಲೆ ಬರೆದಿರುವುದು ಅವನ ಚಿತ್ರ, ಹದಿನೈದು ಅಡಿ ಎತ್ತರ. ಎಡಗಡೆ ಮೂಲೆಯಲ್ಲಿ ಒಂದು ಪಾದ ಕಾಣಿಸುತ್ತದೆ. ಅದು ನನ್ನದು. ಹೋದ ವರ್ಷ ಅದರ ಮೇಲೆ ನೀರಿನ ನಲ್ಲಿ ಕೂರಿಸಿದರು. ಈಗ ಹಿಮ್ಮಡಿ ಮಾತ್ರ ಉಳಿದಿದೆ.

ಕಾಲೇಜು ಮುಗಿದ ಮೇಲೆ ಭರಮಪ್ಪ ತೇಲುಕಾರವಾರಕ್ಕೆ ಹೋದ. ನಿಮ್ಮ ಕಾರವಾರದ ತಗ್ಗನ್ನೆಲ್ಲ ಸಮುದ್ರ ತೆಗೆದುಕೊಂಡ ಮೇಲೆ ನೀರಿನ ಮೇಲೇ ಕಟ್ಟಿದ ಊರು ಅದು. ಅಲ್ಲಿಯ ಅಳಿವೆ ಕಾಲೇಜಿಗೆ ಕೋಚ್ ಆದ, ಏಳು ಸಲ ಗೆದ್ದ. ನಾನು ಇಲ್ಲೇ ಉಳಿದೆ. ಮಕ್ಕಳ ಬೂಟಿಗೆ ದಾರ ಕಟ್ಟಿದೆ, ಅವರ ಮಂಡಿಗೆ ಅರಿಶಿನ ಹಚ್ಚಿದೆ, ಅವರ ತಾಯಂದಿರ ಜೊತೆ ಜಗಳವಾಡಿದೆ. ಹಿತ್ತಲ ಗಿಡ ಮದ್ದಲ್ಲ. ನಾನೂ ಅದೇ ಕೆಂಪು ಜರ್ಸಿ ತೊಟ್ಟವಳು, ಆದರೆ ನಿನ್ನ ನಿಯಮದ ಪ್ರಕಾರ ಕೂಗು ದೂರ ಹೋದವರಿಗೆ. ಮೂರು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತವಳನ್ನು ಯಾರು ಕೂಗಿ ಕರೆಯುತ್ತಾರೆ?

ಪ್ರತಿ ವರ್ಷ ಮೊದಲ ಬೇಸಿಗೆಯಲ್ಲಿ ಮೂರು ಸಾವಿರ ಜನ ಪಡುವಣಕ್ಕೆ ತಿರುಗಿ ಅವನ ಹೆಸರು ಕೂಗುತ್ತಾರೆ. ಮುಂದಾಳು ದಸ್ತಗೀರ ಕಾಕಾ. ಎಂಬತ್ತು ದಾಟಿದೆ, ಎದೆಯಲ್ಲಿ ಉಸಿರಿಲ್ಲ, ಆದರೂ ಮೊದಲ ಕೂಗು ಅವನದೇ. ಆಮೇಲೆ ಡಬ್ಬಿ ತಿರುಗಿ ಬರುವ ತನಕ ಊರಿನಲ್ಲಿ ಬೇರೆ ಮಾತೇ ಇಲ್ಲ. ಭರಮಪ್ಪನ ತಾಯಿ ಮನೆಗೆ ಬಣ್ಣ ಹೊಡೆಸಿದರೆ ಮಗ ಬರುತ್ತಾನೆ ಎಂದು ಲೆಕ್ಕ. ಆಕೆ ಹೊಡೆಸದಿದ್ದರೆ, ಮಗ ಬಂದ ಮೇಲೆ ಹೊಡೆಸುತ್ತಾಳೆ ಎಂದು ಲೆಕ್ಕ. ಘಟಪ್ರಭಾ ಸ್ಟೇಷನ್ನಿನಲ್ಲಿ ಅವನ ಹಾಗೇ ನಡೆಯುವವನೊಬ್ಬನನ್ನು ಕಂಡು ನಲವತ್ತು ಜನ ಹಿಂಬಾಲಿಸಿದರು. ಆ ಬಡಪಾಯಿ ಹಲ್ಲಿನ ಡಾಕ್ಟರು. ದಸ್ತಗೀರ ಕಾಕಾ ಮಾತ್ರ ಒಂದೇ ಮಾತು ಹೇಳುತ್ತಾನೆ: "ಬರ್ತಾನ ತಗೋರಿ. ನಮ್ಮ ಮಣ್ಣು ಅವನ ಕಾಲಿಗೆ ಅಂಟೇತಿ. ಸಮುದ್ರದ ನೀರಿಗೆ ಅದು ಹೋಗೂದಿಲ್ಲ." ನನ್ನ ಕಾಲಿಗೆ ಅಂಟಿದ ಮಣ್ಣನ್ನು ನಾನು ದಿನಾ ಉಜ್ಜಿ ತೊಳೆಯುತ್ತೇನೆ, ಕುಸುಮಾವತಿ. ಅದರ ಮಾತನ್ನು ಯಾರೂ ಎತ್ತುವುದಿಲ್ಲ.

ಈಗ ಡಬ್ಬಿಯ ವಿಷಯ. ಅದು ಎರಡನೇ ಬೇಸಿಗೆಯ ಮೂವತ್ತೆಂಟರಂದು ನನ್ನ ಕೈಗೆ ಬರುತ್ತದೆ. ಮರುದಿನ ಬೆಳಿಗ್ಗೆ ಎಲ್ಲರೆದುರು ನಾನು ಮುಚ್ಚಳ ತೆಗೆಯಬೇಕು. ಮೊದಲ ವರ್ಷ ಬಂದಾಗ ಬೆಲ್ಲದ ಅಂಟಿಗೆ ಇರುವೆ ಮುತ್ತಿಕೊಂಡಿದ್ದವು. ಜನರ ಮುಂದೆ ಇರುವೆ ಡಬ್ಬಿ ತೆರೆಯುವುದೇ ಎಂದು ತೊಳೆದು ಒರೆಸಿದೆ. ಒಳಗೆ ಬೇರೇನೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮರುದಿನ ಮುಚ್ಚಳ ತೆಗೆದಾಗ ದಸ್ತಗೀರ ಕಾಕಾ ಒಳಗೆ ಇಣುಕಿ ಕಣ್ಣೀರು ಹಾಕಿದ. "ಎಷ್ಟ ಚೊಕ್ಕ ತೊಳದಾನ ನೋಡ್ರಿ! ಮನಸಿನ್ಯಾಗ ನಾವು ಇಲ್ಲದ ಹಿಂಗ ತೊಳೀತಾನೇನು?" ಎಂದ. ಜನ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. ನಾನು ತೊಳೆದ ಡಬ್ಬಿಗೂ ಹೊಗಳಿಕೆ ಅವನಿಗೇ. ಆ ದಿನ ನನ್ನ ಹೊಟ್ಟೆಯಲ್ಲಿ ಹತ್ತಿದ ಬೆಂಕಿ ಇನ್ನೂ ಆರಿಲ್ಲ. ತೊಳೆದವಳು ನಾನು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಎರಡನೇ ವರ್ಷ, ಮೂರನೇ ವರ್ಷ ಕೂಡ ತೊಳೆದೆ. ಆಗಲೂ ಇದ್ದದ್ದು ಇರುವೆ ಮಾತ್ರ.

ನಾಲ್ಕನೇ ವರ್ಷ ಮುಚ್ಚಳದ ಒಳಬದಿಯಲ್ಲಿ ಸುಣ್ಣದ ಬರಹವಿತ್ತು. ಆಡುವ ಕಾಲದಲ್ಲಿ ನಾನು, ಅವನು ಊಟದ ಡಬ್ಬಿಯ ಮುಚ್ಚಳದ ಮೇಲೆ ಸುಣ್ಣದ ಬೆರಳಿನಲ್ಲಿ ಆಟ ಬರೆದುಕೊಳ್ಳುತ್ತಿದ್ದೆವು. ಒಂದು ಚುಕ್ಕಿ ನಾನು, ಒಂದು ಚುಕ್ಕಿ ಅವನು, ನಡುವಿನ ಗೆರೆ ಚೆಂಡು. ಅದೇ ಎರಡು ಚುಕ್ಕಿಗಳು ಅಲ್ಲಿದ್ದವು, ಗೆರೆ ಇರಲಿಲ್ಲ. ಕೆಳಗೆ ಹೀಗೆ ಬರೆದಿದ್ದ: "ಬರ್ತೀನಿ. ಸುಗಲಾ ಜೋಡಿ ಇದ್ರ. ಆಕಿ ಒಪ್ಪಿದ್ರ ಮುಂದಿನ ಸಲ ಮುಚ್ಚಳದಾಗ ಗೆರಿ ಎಳದ ಕಳಸ್ರಿ."

ಬಚ್ಚಲಿನಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದೆ. ಕೈ ತಪ್ಪಿ ನೀರಿಗೆ ಬಿತ್ತು ಎಂದು ಬರೆಯಲು ಮನಸ್ಸಾಗುತ್ತಿದೆ. ಹಾಗಾಗಲಿಲ್ಲ. ಜೋಡಿ ಎಂದನಲ್ಲ, ಅದು ನನ್ನನ್ನು ಸುಟ್ಟಿತು. ಅವನು ಬಂದರೆ ಹಾರಗಳು ಯಾರ ಕೊರಳಿಗೆ ಬೀಳುತ್ತವೆ ಎಂದು ನನಗೆ ಗೊತ್ತಿತ್ತು. ಅವನು ಅದರಲ್ಲೊಂದನ್ನು ತೆಗೆದು ನನಗೆ ಹಾಕುತ್ತಾನೆ, ಜನ ಅವನ ದೊಡ್ಡಗುಣಕ್ಕೆ ಚಪ್ಪಾಳೆ ತಟ್ಟುತ್ತಾರೆ. ಕುರ್ಚಿ ಹೋಗಲಿ, ಆ ಹಾರ ನನಗೆ ಬೇಡವಾಗಿತ್ತು. ತೆಂಗಿನ ನಾರು ತೆಗೆದುಕೊಂಡು ಉಜ್ಜಿದೆ. ಸುಣ್ಣ ಬಿಡುವುದು ತಡವಾಗಲಿಲ್ಲ.

ಮರು ವರ್ಷ ಗೆರೆ ಎಳೆಯದೆ ಡಬ್ಬಿ ಕಳಿಸಿದೆ. ತಿರುಗಿ ಬಂದಾಗ ಮಾತಿರಲಿಲ್ಲ, ಎರಡು ಚುಕ್ಕಿ ಮಾತ್ರ ಇದ್ದವು. ಅದರ ಮುಂದಿನ ವರ್ಷವೂ ಅಷ್ಟೇ. ಹೀಗೆ ಏಳು ವರ್ಷ ಅವನು ಚುಕ್ಕಿ ಇಟ್ಟ, ನಾನು ತೊಳೆದೆ. ಏಳು ಸಲ ಜನ ಹೊಳೆಯುವ ಡಬ್ಬಿ ನೋಡಿ ಮುಖ ಬಾಡಿಸಿಕೊಂಡು ಮನೆಗೆ ಹೋದರು, ಮರುದಿನ ಮತ್ತೆ ಮುಂದಿನ ವರ್ಷದ ಮಾತು ಶುರುಮಾಡಿದರು. ಅವರ ಆಸೆ ಬತ್ತಲಿ ಎಂದು ನಾನು ಕಾದೆ. ಬತ್ತಲಿಲ್ಲ. ಯಾರಾದರೂ ಸುಣ್ಣದ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಕೈ ನೋಡಿಕೊಳ್ಳುತ್ತಿದ್ದೆ. ಮೈದಾನದ ಗೆರೆ ಎಳೆಯುವವಳೂ ನಾನೇ ಆದ್ದರಿಂದ ಉಗುರಲ್ಲಿ ಸುಣ್ಣ ಯಾವಾಗಲೂ ಇರುತ್ತದೆ. ಯಾರಿಗೂ ಅನುಮಾನ ಬರಲಿಲ್ಲ.

ಇವತ್ತು ಮಧ್ಯಾಹ್ನ ಹನ್ನೆರಡನೇ ಡಬ್ಬಿ ಬಂದಿದೆ. ನಾಳೆ ಅದು ಖಾಲಿ ಕಂಡರೆ ನಿನ್ನ ನಿಯಮದಂತೆ ಸಾಗವಾನಿ ಕುರ್ಚಿ ನನ್ನದು. ಬೆಳಿಗ್ಗೆ ದಸ್ತಗೀರ ಕಾಕಾ ನನ್ನನ್ನು ಹುಡುಕಿಕೊಂಡು ಬಂದ. ಮೊಮ್ಮಗಳ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಸುಗಲಾ, ನಾಳೆ ಡಬ್ಬಿ ಖಾಲಿ ಇದ್ರ ಕುರ್ಚಿ ಮ್ಯಾಲ ನೀನ ಕುಂದರ್ತಿ. ನಾನ ನಿನಗ ಮೊದಲನೇ ಹಾರ ಹಾಕ್ತೀನಿ. ಹನ್ನೆರಡು ವರ್ಷ ನಿನ್ನ ಕಡೆ ಬೆನ್ನ ಮಾಡಿ ಕೂಗೀನಿ, ತಪ್ಪಾತವ್ವ" ಎಂದ. ನನಗೆ ಬೇಕಾಗಿದ್ದ ಮಾತು ಅದೊಂದೇ. ಅವನು ಹೋದ ಮೇಲೆ ನನ್ನ ರೊಟ್ಟಿಯನ್ನು ಕಾಗೆಗೆ ಹಾಕಿದೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನಿನ್ನ ರೆಕಾರ್ಡ್ ಪುಸ್ತಕದಲ್ಲಿ ಕೊನೆಯ ನಿಯಮದ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಇದೆ, ಗಾಜಿನ ಮೇಲಿಂದ ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಒಂದು ಸಾಲು ಬರಿ: ಡಬ್ಬಿ ಬಂದ ಕೂಡಲೇ, ಬಂದ ಹಾಗೇ, ಎಲ್ಲರೆದುರು ತೆರೆಯಬೇಕು. ಇರುವೆ ಇದ್ದರೆ ಇರಲಿ. ಪಕ್ಕದಲ್ಲಿ ಕೂತವರ ಕೈಗೆ ಅದನ್ನು ಒಂಟಿಯಾಗಿ ಕೊಡಬೇಡಿ. ಅವರು ಕೆಟ್ಟವರೆಂದಲ್ಲ. ಅಷ್ಟು ಹತ್ತಿರದಲ್ಲಿ ಅಷ್ಟು ದಿನ ಕೂತವರಿಗೆ ಹಾಗಾಗುತ್ತದೆ. ನಿನಗೆ ಪುರುಸೊತ್ತಿದ್ದರೆ ಇನ್ನೊಂದನ್ನೂ ಸೇರಿಸು: ವರ್ಷಕ್ಕೊಮ್ಮೆಯಾದರೂ ಪಕ್ಕದ ಸ್ಟೂಲಿನ ಕಡೆ ತಿರುಗಿ ಒಂದು ಕೂಗು ಕೂಗಿ.

ಈ ಕಾಗದ ನಿನಗೆ ಮುಟ್ಟುತ್ತದೆಂಬ ನಂಬಿಕೆ ನನಗಿಲ್ಲ. ನೆರೆಮನೆಯ ಅಂಗಳಕ್ಕೆ ಮಾವಿನ ಮರ ಇನ್ನೂ ತಿರುಗಿ ಬಂದಿಲ್ಲ. ಆದ್ದರಿಂದ ನಾಳೆಯ ಕೆಲಸ ನನ್ನ ಮೇಲೇ ಇದೆ. ಒಳಗೆ ಚುಕ್ಕಿಗಳಿವೆಯೋ, ಇಷ್ಟು ವರ್ಷ ಕಾದು ಅವನೇ ಬೇಸತ್ತು ಬಿಟ್ಟನೋ ಗೊತ್ತಿಲ್ಲ. ಇರಬಾರದು ಎಂದೇ ಒಂದು ಮನಸ್ಸು ಬೇಡಿಕೊಳ್ಳುತ್ತಿದೆ, ನಿನ್ನೆದುರು ಸುಳ್ಳೇಕೆ? ಹೊಟ್ಟೆ ಉರಿಯುತ್ತಲೇ ಇದೆ.

ಡಬ್ಬಿ ಕಿಟಕಿಯಲ್ಲಿಟ್ಟಿದ್ದೇನೆ. ಮುಚ್ಚಳದ ಸಂದಿಗೆ ಇರುವೆಗಳು ಸಾಲು ಹಿಡಿದು ಬರುತ್ತಿವೆ. ನಾನು ಅದನ್ನು ತೊಳೆದಿಲ್ಲ.

ನಿನ್ನ ಮಗಳ ಮರಿಮಗಳು,
ಸುಗಲಾ