ಬಾಗಿಲ ಹೊರಗಿನ ಕೀಲಿ

ಅವ್ವ,

ನಿನ್ನೆ ಗೋಜೊದಿಂದ ಕರಾಮದ ನಮ್ಮ ಫ್ಲ್ಯಾಟಿಗೆ ಮರಳಿದೆ. ಮಾಲ್ಟಾ ಪಕ್ಕದ ಆ ಪುಟ್ಟ ದ್ವೀಪದಲ್ಲಿ ಮುದುಕಿಯರು ಬಾಗಿಲಿನ ಕೀಲಿಯನ್ನು ಹೊರಗಡೆಯೇ ಬಿಟ್ಟಿರುತ್ತಾರೆ. ಕಳ್ಳರ ಭಯವಿಲ್ಲವೇ ಎಂದು ಊಟ ಬಡಿಸುತ್ತಿದ್ದ ಮನೆಯೊಡತಿಯನ್ನು ಕೇಳಿದೆ. “ನಾನು ಒಳಗೆ ಬಿದ್ದರೆ ಯಾರಾದರೂ ಬರಬೇಕಲ್ಲ” ಎಂದಳು.

ನೀನು ದಾರಿ ತಪ್ಪಿಸಿಕೊಳ್ಳುತ್ತೀ ಎಂದು, ನೀನು ಒಳಗೆ ಬಿದ್ದ ಆ ದಿನವೂ ಹೊರಗಿನಿಂದ ಬೀಗ ಹಾಕಿಯೇ ಆಫೀಸಿಗೆ ಹೋಗಿದ್ದೆ. ನಿನ್ನ ದನಿ ಕೇಳಿ ಎದುರು ಫ್ಲ್ಯಾಟಿನ ತಾಹೆರಾ ಒಂದು ತಾಸು ಬಾಗಿಲು ಬಡಿದಿದ್ದಳು. ಆ ಬಗ್ಗೆ ಅವಳೂ ನಾನೂ ಎಂದೂ ಮಾತಾಡಿಲ್ಲ.

ಇವತ್ತು ಬೆಳಿಗ್ಗೆ ಅವಳಿಗೆ ನಮ್ಮ ಮನೆಯ ಇನ್ನೊಂದು ಕೀಲಿ ಕೊಟ್ಟೆ. “ಖಲಾಸ್, ಇನ್ನು ನನಗೂ ಸಮಾಧಾನ” ಎಂದು ತನ್ನ ಗೊಂಚಲಿಗೆ ಸೇರಿಸಿಕೊಂಡಳು.

ಮಧ್ಯಾಹ್ನ ನಿನ್ನ ಮಂಚದ ಮೇಲೆ ಮಲಗಿದೆ. ನೀನು ತೀರಿಹೋದ ಮೇಲಿನ ಈ ಎರಡು ವರ್ಷದಲ್ಲಿ ಮೊದಲ ಸಲ ಗಾಢವಾಗಿ ನಿದ್ದೆ ಹತ್ತಿತು.