ಎಲ್ಲರಿಗೂ ಗೊತ್ತಿದ್ದ ರೋಗ

ಸೋಲಾಪುರ, ಜೂನ್ ೧೯೯೭

ತಂಗಿ ಚಂದ್ರಭಾಗಾ,

ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನ್ನ ಕೈಗೆ ಸೊಸೆ ವರದಾ ಪೆನ್ನು ತುರುಕಿದ್ದಾಳೆ. “ಎದ್ಯಾಗಿದ್ದದ್ದು ಬರೀರಿ ಅತ್ಯಾ, ಡಾಕ್ಟರ್ ಹೇಳ್ಯಾರ” ಅನ್ನುತ್ತಾಳೆ. ತೀರಿಹೋದ ನಿನಗೆ ಏನು ಬರೆಯಲಿ, ನನ್ನ ತಲೆ!

ಮೊನ್ನೆ ಎದೆನೋವೆಂದು ಆಸ್ಪತ್ರೆ ಸೇರಿದೆ. ಡಾಕ್ಟರು, “ರಕ್ತನಾಳ ಎಲ್ಲಾ ಸ್ವಚ್ಛ ಅವ. ಕ್ಯಾನ್ಸರಿನ ಚಿಂತಿಗೆ ಹೃದಯ ಗಾಬರಿ ಆಗ್ಯದ, ಆರಾಮ ಆಗ್ತದ” ಅಂದರು. ಆ ಹೆಸರು ನನ್ನೆದುರು ಬೇಡವೆಂದು ಮಗ ಗುರುನಾಥ ಅವರಿಗೆ ಕಣ್ಸನ್ನೆ ಮಾಡಿದ.

“ಸುಮ್ಮನಿರೋ ಮಬ್ಬ, ನನಗ ಹೋಳಿಯಿಂದ ಗೊತ್ತದ!” ಅಂದೆ.

ಮನೆಯವರು ನನ್ನ ರೋಗವನ್ನು ನನ್ನಿಂದಲೇ ಮುಚ್ಚಿಟ್ಟಿದ್ದರು, ನಾನು ಗೊತ್ತಿದ್ದದ್ದನ್ನು ಅವರಿಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನರ್ಸು ಬಂದು ಬೈದಳು.

ಇದೇ ರೋಗದಲ್ಲಿ ನೀನು ಅಕ್ಕಲಕೋಟದಲ್ಲಿ ಮಲಗಿದ್ದಾಗ ನಾವೆಲ್ಲ ಬರೀ ಗಂಟು ಎಂದೆವು, ನೀನೂ ಹೂಂ ಎಂದೆ. ನಿನಗೂ ಗೊತ್ತಿತ್ತೇನೇ? ನಾಗರಪಂಚಮಿಯೊಳಗೆ ಉತ್ತರ ಬರಬೇಕು.