ರಾಧಿಕಾಳ ಟೂತ್ಸು, ನನ್ನ ಆಕ್ಸಸ್ಸು

ಗುಂಡಗುರ್ತಿ
18 ಮೇ 2025

ಪ್ರೀತಿಯ ರಶೀದಾ,

ನೀನು, ನಿನ್ನ ಮನೆಯವರು, ಹೊಸ ಅಳಿಯ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮಗಳ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ವಾಡಿಯಿಂದ ಬಂದವಳು, ಮನೆ ಮುಟ್ಟಿದೆನೆಂದು ಒಂದು ಮಾತು ತಿಳಿಸಲಿಲ್ಲ. ನೀನು ಎರಡು ಸಲ ಫೋನ್ ಮಾಡಿದರೂ ಬರೀ ಬಿಸಿಲಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಹೇಳಬೇಕಾದದ್ದು ಫೋನಿನಲ್ಲಿ ಬಾಯಿಗೆ ಬರಲಿಲ್ಲ, ಅದಕ್ಕೇ ಕಾಗದ.

ಮೊದಲು ಸಿಹಿ ಸುದ್ದಿ. ನಾನು ಹತ್ತನೆಯ ತರಗತಿ ಪಾಸಾದೆ! ಹೋದ ವರ್ಷ ಇಂಗ್ಲಿಷ್ ಒಂದರಲ್ಲೇ ಹತ್ತೊಂಬತ್ತು ಅಂಕ ಬಂದು ಕೂತಿದ್ದೆನಲ್ಲ, ಈ ಸಲ ನಲವತ್ತೊಂದು. ನಮ್ಮ ಮನೆಯವರು ಓಣಿಗೆಲ್ಲ ಪೇಢೆ ಹಂಚಿದರು. "ನಲವತ್ತೆಂಟು ವರ್ಷಕ್ಕ ನಮ್ಮಾಕಿ ಪಾಸಾದಳ ನೋಡ್ರಿ" ಎಂದು ಹೇಳಿದ್ದೇ ಹೇಳಿದ್ದು. ನನಗೆ ನಾಚಿಕೆ, ಆದರೂ ಒಳಗೊಳಗೇ ಹಿಗ್ಗು.

ಪಾಸಾದದ್ದು ಹೇಗೆಂದು ಕೇಳು. ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳಲ್ಲವೇ. ಪಾತ್ರೆ ತೊಳೆದಾದ ಮೇಲೆ ದೇವಿಕಾ ಮೇಡಂ ಅವರ ಏಳನೆಯ ತರಗತಿಯಲ್ಲಿ ಹಿಂದಿನ ಸಾಲಿಗೆ ಹೋಗಿ ಕೂಡುತ್ತಿದ್ದೆ. ತೊಗರಿ ರಾಶಿಯ ದಿನಗಳಲ್ಲಿ ಮೇಡಂ ಬಹುವಚನ ಶುರು ಮಾಡಿದರು. ಎಲ್ಲದಕ್ಕೂ ಎಸ್ ಹಚ್ಚಿದರೆ ಮುಗಿಯಿತು ಎಂದುಕೊಂಡಿದ್ದೆ. ಇಲ್ಲವಂತೆ. ಮ್ಯಾನ್ ಹೆಚ್ಚಾದರೆ ಮೆನ್, ಮೌಸ್ ಹೆಚ್ಚಾದರೆ ಮೈಸ್. ಯಾಕೆ ಎಂದು ಕೇಳಿದರೆ, "ಯಾಕ ಅನ್ನೂದಿಲ್ಲರಿ ಜಯಕ್ಕ, ಬಾಯಿಪಾಠ ಮಾಡ್ಬೇಕು" ಎಂದರು.

ಒಂದು ದಿನ ಮೇಡಂ ರಾಧಿಕಾ ಎಂಬ ಹುಡುಗಿಯನ್ನು ಎಬ್ಬಿಸಿ ಟೂತ್‌ಗೆ ಬಹುವಚನ ಕೇಳಿದರು. ಅವಳು "ಟೂತ್ಸ್" ಎಂದಳು. ಅವಳ ಮುಂದಿನ ಹಲ್ಲು ಅರ್ಧ ಮುರಿದಿದೆ. "ಅರ್ಧ ಟೂತ್!" ಎಂದು ಯಾರೋ ಕೂಗಿದರು. ಇಡೀ ತರಗತಿ ನಕ್ಕಿತು. ಮೇಡಂ ಗದರಿಸುವಷ್ಟರಲ್ಲಿ ಅವಳು ಚೀಲ ಎತ್ತಿಕೊಂಡು ಹೊರಟೇಹೋದಳು.

ಮೂರು ದಿನ ಊಟದ ಸಾಲಿನಲ್ಲಿ ಅವಳ ತಟ್ಟೆ ಇರಲಿಲ್ಲ. ನಾಲ್ಕನೆಯ ದಿನ ನಾನೇ ಅವಳ ಮನೆಗೆ ಹೋದೆ. ಅವಳ ಅಜ್ಜಿ ಹಣಮವ್ವ ಕುರಿಗಳಿಗೆ ನೀರಿಡುತ್ತಿದ್ದಳು. ರಾಧಿಕಾ ಬಾಗಿಲ ಹಿಂದೆಯೇ ನಿಂತಳು.

"ನಾ ಬರಂಗಿಲ್ಲರಿ ಜಯಕ್ಕ. ಎಲ್ಲಾರೂ ನಗ್ತಾರ."

"ನಾ ಇಂಗ್ಲಿಷಿನಾಗ ಫೇಲಾದಾಕಿ ಅದೀನಿ. ನಂಗ ನಕ್ಕಿಲ್ಲೇನು ಮಂದಿ?"

"ನೀವೂ ಫೇಲೇನ್ರಿ?" ಎನ್ನುತ್ತ ಮುಖ ಹೊರಹಾಕಿದಳು.

"ಹೂನವ್ವ. ಒಬ್ಬಾಕಿಗೇ ಓದ್ಲಿಕ್ಕ ಆಗವಲ್ದು. ನೀ ಜೋಡಿ ಆಗ್ತೀಯೇನು?"

ಅಂದಿನಿಂದ ದಿನಾ ಸಂಜೆ ಅವರ ಅಂಗಳದಲ್ಲಿ ಇಬ್ಬರ ಓದು. ಶೀಪ್‌ಗೆ ಬಹುವಚನವೂ ಶೀಪೇ ಎಂದು ಓದುವಾಗ ಹಣಮವ್ವ ಕೆಲಸ ಬಿಟ್ಟು ಬಂದಳು. "ಒಂದಕ್ಕೂ ಶೀಪು, ನೂರಕ್ಕೂ ಶೀಪು ಅಂದ್ರ, ಒಂದು ಕುರಿ ಕಳದ್ರ ಆ ಮಂದಿಗಿ ಹೆಂಗ ತಿಳೀತದ?" ರಾಧಿಕಾ ಹಲ್ಲು ಮುಚ್ಚಿಕೊಳ್ಳುವುದನ್ನು ಮರೆತು ನಕ್ಕಳು.

ಆದರೂ ಶಾಲೆಯ ಮಾತೆತ್ತಿದರೆ ತಲೆ ತಗ್ಗಿಸುತ್ತಿದ್ದಳು. ಹೇಗೋ ಪುಸಲಾಯಿಸಿ ಒಂದು ಸೋಮವಾರ ಕೈ ಹಿಡಿದು ಕರೆದೊಯ್ದೆ. "ಇವತ್ತು ಮೊದಲು ನನ್ನ ಕೇಳ್ರಿ" ಎಂದು ಮೇಡಂಗೆ ಹೇಳಿದ್ದೆ. ಅವರು ಆಕ್ಸ್‌ಗೆ ಬಹುವಚನ ಕೇಳಿದರು. ನಾನು ಎದ್ದು ನಿಂತು ಗಟ್ಟಿಯಾಗಿ "ಆಕ್ಸಸ್" ಎಂದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಪಕ್ಕದಲ್ಲಿದ್ದ ರಾಧಿಕಾ ನನ್ನ ಸೆರಗು ಜಗ್ಗಿ, "ಆಕ್ಸನ್ ರಿ, ಆಕ್ಸನ್" ಎಂದಳು. ಎಲ್ಲರಿಗೂ ಕೇಳುವಂತೆ ಹೇಳು ಎಂದರು ಮೇಡಂ. ಹೇಳಿದಳು. ಆಮೇಲೆ ಒಂದು ದಿನವೂ ಅವಳು ಶಾಲೆ ತಪ್ಪಿಸಲಿಲ್ಲ. ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೋಗುತ್ತಾಳೆ.

ರಶೀದಾ, ನನ್ನ ಪುಸ್ತಕ, ಗೈಡು ಎಲ್ಲ ಇಟ್ಟಿದ್ದೇನೆ. ನೀನೂ ಖಾಸಗಿಯಾಗಿ ಪರೀಕ್ಷೆ ಕಟ್ಟು. ಫಾರ್ಮ್ ನಾನು ತರುತ್ತೇನೆ, ವಾರಕ್ಕೊಮ್ಮೆ ರೈಲು ಹತ್ತಿ ಬರುತ್ತೇನೆ. ಹೊಸ ಜೋಡಿ ಸುಖವಾಗಿರಲಿ, ನಿನ್ನ ಮಂಡಿನೋವು ಇಳಿಯಲಿ. ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ
ಜಯಮಾಲಾ

ತಾ.ಕ.: ಮದುವೆಯ ದಿನ ನಿನ್ನ ಬೀಗಿತ್ತಿ, ಎಂಟನೇ ಕ್ಲಾಸಿಗೇ ಸಾಲಿ ಯಾಕ ಬಿಟ್ರಿ ಎಂದು ಕೇಳಿದಾಗ, ನೀನು "ಅಬ್ಬಾ ಬಿಡಸಿದ್ರು" ಎಂದೆ. ಪಕ್ಕದಲ್ಲೇ ಕೂತಿದ್ದೆ ನಾನು. ನಿಮ್ಮ ಅಬ್ಬಾ ಪಾಲಿಶ್ ಕಲ್ಲಿನ ಧೂಳು ಮೆತ್ತಿದ ಅಂಗಿಯಲ್ಲೇ ಶಹಾಬಾದದ ನಮ್ಮ ಶಾಲೆಗೆ ಬಂದು, ಮಗಳು ಬರಲೊಲ್ಲಳು, ನೀವೇ ಮತ್ತೆ ಕರೆಸಿಕೊಳ್ಳಿರೆಂದು ಗುರುಗಳನ್ನು ಬೇಡಿಕೊಂಡದ್ದು ನಾನು ನೋಡಿದ್ದೇನೆ. ನೀನು ಶಾಲೆಗೆ ಬಂದ ಕೊನೆಯ ದಿನ "ಚೈಲ್ಡ್ಸ್" ಎಂದಾಗ ಮೊದಲು ನಕ್ಕವಳು ನಾನೇ. ನನ್ನನ್ನು ನೋಡಿ ಉಳಿದವರು ನಕ್ಕರು. ನಿನಗೆ ಅದು ಗೊತ್ತು. ಇಷ್ಟು ವರ್ಷ ನೀನು ಯಾರ ಮುಂದೆಯೂ ಹೇಳಲಿಲ್ಲ, ನಾನು ನಿನ್ನ ಮುಂದೆಯೂ ಹೇಳಲಿಲ್ಲ. ಮುಂದಿನ ಸರದಿ ನನ್ನದಿತ್ತು ರಶೀದಾ. ಉತ್ತರ ನನಗೂ ಬರುತ್ತಿರಲಿಲ್ಲ.